ಎರಡನೇ ಬಾಗಿಲು

ಸ್ಕೌಟ್‌ಗೆ ಸೇರುವ ಮುಂಚೆ ಆ ಏಳು ವರ್ಷದ ಹುಡುಗಿಗೆ ಹೊಲಿಗೆ ಕೋಣೆಯ ಹೆಂಗಸರು ಇಟ್ಟಿದ್ದ ಹೆಸರು ಬಸವನಹುಳು. ಯಾರಾದರೂ ಮಾತಾಡಿಸಿದರೆ ಸಾಕು, ಮಗು ಅಮ್ಮನ ಮಷೀನಿನ ಕೆಳಗೆ ನುಸುಳುತ್ತಿತ್ತು. ಈಗ ನೋಡಬೇಕು! ಶಾಲೆ ಬಿಟ್ಟೊಡನೆ ಮೂರು ಮಹಡಿ ಹತ್ತಿ ಬಂದು, ಹನ್ನೊಂದು ಹೆಂಗಸರನ್ನೂ ಕೂರಿಸಿಕೊಂಡು ಹಗ್ಗಕ್ಕೆ ಗಂಟು ಹಾಕುವುದನ್ನು ಕಲಿಸುತ್ತಿತ್ತು. ಅವರಲ್ಲೊಬ್ಬಳಾದ ತಾಯಿಗೆ ಹಿಗ್ಗೋ ಹಿಗ್ಗು.

ಆ ಹಿಗ್ಗಿಗೆ ಕಲ್ಲು ಬಿದ್ದದ್ದು ಹೊಸ ಬ್ಯಾಡ್ಜಿನಿಂದ. ಸ್ಕೌಟ್ ಅಕ್ಕ ಕೊಟ್ಟ ಕೆಲಸ ಇಷ್ಟೇ: ದಿನಾ ಇರುವ ಜಾಗದಲ್ಲಿ ಹೊರಹೋಗುವ ಎರಡು ದಾರಿ ಹುಡುಕು, ಕಣ್ಣು ಕಟ್ಟಿಕೊಂಡು ಹೆಜ್ಜೆ ಎಣಿಸು, ಎರಡೂ ಬಾಗಿಲು ತೆರೆಯುತ್ತವೆಂದು ದೊಡ್ಡವರಿಂದ ಪುಸ್ತಕದಲ್ಲಿ ಸಹಿ ಹಾಕಿಸು. ಅಮ್ಮನ ಮಷೀನಿನಿಂದ ಮುಂಬಾಗಿಲಿಗೆ ಹತ್ತೊಂಬತ್ತು ಹೆಜ್ಜೆ, ಹಿಂಬಾಗಿಲಿಗೆ ಇಪ್ಪತ್ತೆರಡು.

"ಇದು ತೆರೆಯುತ್ತಾ ಅಮ್ಮ?"

"ತೆರೆಯುತ್ತೆ ಕಣೇ."

ತೆರೆಯುವುದೆಲ್ಲಿ ಬಂತು! ಹಿಂದೊಮ್ಮೆ ಬಟ್ಟೆ ಕಳುವಾದ ದಿನವೇ ಮಾಲೀಕ ಆ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದಿದ್ದ. ಕಂಡವಳು ತಾಯಿಯೊಬ್ಬಳೇ. ಬಾಯಿ ಬಿಟ್ಟರೆ ನಿನ್ನ ಮಷೀನು ಇನ್ನೊಬ್ಬಳಿಗೆ ಎಂದಿದ್ದ. ಹೊಟ್ಟೆಪಾಡು, ನೋಡಿ. ಒಂದು ಸಹಿಯಿಂದ ಯಾರ ಮನೆ ಮುಳುಗುತ್ತದೆ ಎಂದುಕೊಂಡು ಗೀಚಿಬಿಟ್ಟಳು.

ಬ್ಯಾಡ್ಜು ಮಗುವಿನ ಎದೆಗೇರಿತು. ಅಂದಿನಿಂದ ದಿನಾ ಸಂಜೆ ನಾಲ್ಕಕ್ಕೆ ಕವಾಯತು. ಎಡಗೈ ಗೋಡೆಗೆ ಒತ್ತಿ, ನಗುನಗುತ್ತಾ, ಹೆಂಗಸರೆಲ್ಲ ಅಂಬೆಗಾಲಿಕ್ಕುತ್ತಿದ್ದರು. ಇಪ್ಪತ್ತೆರಡಕ್ಕೆ ಮಗು ನಿಂತು, ಇಲ್ಲಿಂದ ಹೊರಗೆ ಎನ್ನುತ್ತಿತ್ತು. ಸಹಿ ಇದ್ದುದರಿಂದ ಬಾಗಿಲನ್ನು ಯಾರೂ ತಳ್ಳಿ ನೋಡಲಿಲ್ಲ. ಪ್ರತಿಸಲವೂ ತಾಯಿ, ನಾಳೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದಳು. ನಾಳೆ ಎಂದವನ ಮನೆ ಹಾಳು ಅಂತ ಹಿರಿಯರು ಸುಮ್ಮನೆ ಹೇಳಿದರೇ?

ಒಂದು ಸಂಜೆ ಮುಂಬಾಗಿಲ ಕಡೆಯ ಇಸ್ತ್ರಿ ಮೇಜಿನ ವೈರು ಚಟಚಟ ಎಂದಿತು. ದೀಪ ಹೋಯಿತು. ಕಪ್ಪು ಹೊಗೆ ಕಣ್ಣು ಬಾಯಿ ತುಂಬಿಕೊಂಡಿತು. ಹೆಂಗಸರು ದಿಕ್ಕೆಟ್ಟು ಕಿರುಚುವಾಗ ಕೆಳಗಿನಿಂದ ಒಂದು ಪುಟ್ಟ ದನಿ ಎದ್ದಿತು.

"ಬಗ್ಗಿ. ಎಡಗೈ ಗೋಡೆಗೆ. ನನ್ನ ಹಿಂದೆ ಬನ್ನಿ."

ಕಲಿತದ್ದು ಕೈಗೆ ಬಂತು. ಎಲ್ಲರೂ ಸಾಲಾಗಿ ತೆವಳಿದರು, ತಾಯಿ ಕೊನೆಗೆ. ಮುಂದೆ ಮಗು ಎಣಿಸುತ್ತಿತ್ತು. ಹದಿನೇಳು, ಹದಿನೆಂಟು, ಹತ್ತೊಂಬತ್ತು.

"ನಿಲ್ಲು ಮಗಳೇ," ತಾಯಿ ಕೂಗಿದಳು. "ಆ ಬಾಗಿಲಿಗೆ ಬೀಗ ಇದೆ. ನಂಗೆ ಗೊತ್ತಿತ್ತು. ಗೊತ್ತಿದ್ದೇ ಸಹಿ ಹಾಕ್ದೆ."

ಎಣಿಕೆ ನಿಂತಿತು.

"ಹಾಗಾದ್ರೆ ತಿರುಗಿ," ಎಂದಿತು ದನಿ. "ಬಲಗೈ ಗೋಡೆಗೆ. ಬಂದಷ್ಟೇ ವಾಪಸ್, ಆಮೇಲೆ ಮುಂಬಾಗಿಲಿಗೆ ಹತ್ತೊಂಬತ್ತು. ಅಮ್ಮ, ನೀನು ಮುಂದೆ."

ಆಗ ಅವಳಿಗೆ ಹೊಳೆಯಿತು. ಸಾಲು ತಿರುಗಿದರೆ ತಾನು ಮೊದಲು, ಮಗು ಕೊನೆ. ಹಿಂದಕ್ಕೆ ನುಗ್ಗೋಣವೆಂದರೆ ಎಲ್ಲರ ದಾರಿ ಕಟ್ಟುತ್ತದೆ. ಅಳುತ್ತಲೇ ತೆವಳಿದಳು. ಎಡಗೆನ್ನೆ ಸುಡುತ್ತಿತ್ತು. ಹಿಂದಿನಿಂದ ಎಣಿಕೆ ಕೇಳುತ್ತಿತ್ತು, ನಡುನಡುವೆ ಕೆಮ್ಮು. ಮೂವತ್ತೊಂದಾದ ಮೇಲೆ ಅದೂ ಕೇಳಲಿಲ್ಲ.

ಮುಂಬಾಗಿಲು ತಳ್ಳಿ ಮೆಟ್ಟಿಲ ಮೇಲೆ ಬಿದ್ದಳು. ಅವಳ ಹಿಂದೆ ಒಬ್ಬೊಬ್ಬರೇ ಹೊರಬಂದರು. ಎಂಟು. ಒಂಬತ್ತು. ಹತ್ತು. ಆಮೇಲೆ ಬರೀ ಹೊಗೆ. ಅವಳು ಮತ್ತೆ ಒಳಗೆ ನುಗ್ಗುವಷ್ಟರಲ್ಲಿ, ಮಸಿ ಹಿಡಿದ ಪುಟ್ಟ ಬಲಗೈಯೊಂದು ಗೋಡೆ ಸವರುತ್ತಾ ಬಂತು.

ತಾಯಿ ಬಾಚಿ ತಬ್ಬಿಕೊಂಡಳು. ಮಗು ತಬ್ಬಲಿಲ್ಲ. ಬಿಡಿಸಿಕೊಂಡು, ಒಬ್ಬೊಬ್ಬರನ್ನೂ ಮುಟ್ಟಿ ಎಣಿಸಿತು. ಕೊನೆಗೆ ಅಮ್ಮನನ್ನೂ ಮುಟ್ಟಿ, ಹನ್ನೊಂದು ಎಂದಿತು. ಆಮೇಲೆ ಎದೆಯ ಬ್ಯಾಡ್ಜು ಬಿಚ್ಚಿ ಅವಳ ಅಂಗೈಯಲ್ಲಿಟ್ಟಿತು.

"ಇದು ನಂದಲ್ಲ ಅಮ್ಮ. ಅಲ್ಲಿ ಇದ್ದಿದ್ದು ಒಂದೇ ಬಾಗಿಲು."