ಟ ಇಲ್ಲದ ಭಟ್ಟಿ

ಫೋನಿನಲ್ಲಿ ಸರಿಯಾಗಿಯೇ ಇತ್ತು. ರಮಾಳ ತಲೆ ಕೆಡಿಸಿದ್ದೇ ಅದು. ಹೊಸಪೇಟೆಯ ನಿವೃತ್ತ ಉರ್ದು ಮೇಷ್ಟ್ರು ವಾಟ್ಸಾಪಿನಲ್ಲಿ ಕಳಿಸಿದ ಉರ್ದು ಕರಪತ್ರದ ಬರಹ ಅಂಗೈಯಲ್ಲಿ ಬಳ್ಳಿಯ ಹಾಗೆ ಇಳಿಬಿದ್ದು ಚೆಂದ ಕಾಣುತ್ತಿತ್ತು. ಅದನ್ನೇ ಓದುಕೂಟದ ಕಂಪ್ಯೂಟರಿಗೆ ಹಾಕಿದರೆ ಅಕ್ಷರಗಳು ನೆಟ್ಟಗೆ ನಿಂತವು, ಸಾಲಿನ ನಡುನಡುವೆ ಚೌಕಗಳು. ಪ್ರತಿ ಚೌಕದ ಹೊಟ್ಟೆಯಲ್ಲೂ ಇರುವೆಯಂಥ ಅಂಕಿ.

"ಹಲ್ಲು ಉದುರಿದ ಬಾಯಿ ಇದ್ದಂಗ ಐತಲ್ಲೋ ಅಣ್ಣಾ," ಎಂದಳು.

ಮಾರೇಶ್ ಬಗ್ಗಿ ನೋಡಿದ. ಹರಪನಹಳ್ಳಿಯ ಅವರ ಕೇರಿಯ ತುದಿಯಲ್ಲಿದ್ದ ಆ ಕೋಣೆಯಲ್ಲಿ ಭಾನುವಾರಕ್ಕೊಮ್ಮೆ ಓದುಕೂಟ ಸೇರುತ್ತದೆ. ಯಾರೋ ಬಿಸಾಕಿದ್ದ ಕಂಪ್ಯೂಟರನ್ನು ತಂದು, ಕೂಟದ ಗೆಳೆಯನೊಬ್ಬನಿಂದ ಲಿನಕ್ಸ್ ಹಾಕಿಸಿದವನು ಅವನೇ. "ಯಾವ ಕಂಪನಿಯ ಜೀತಾನೂ ಇಲ್ಲ ಇದರಾಗ. ಸ್ವತಂತ್ರ ಐತಿ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

"ಸ್ವತಂತ್ರ ಬಂತು, ಅಕ್ಷರ ಬರಲಿಲ್ಲ," ಎಂದಳು ರಮಾ.

ಅವಳು ಸೊಸೈಟಿಯೊಂದರಲ್ಲಿ ದಿನವಿಡೀ ಕನ್ನಡ ಟೈಪು ಮಾಡುವವಳು. ಬೆರಳು ಎಂದೂ ತಪ್ಪಿದ್ದಿಲ್ಲ. ಬಲದಿಂದ ಎಡಕ್ಕೆ ಸಾಗುವ ಈ ಬರಹದಲ್ಲಿ ಮಾತ್ರ ಕರ್ಸರು ಎಡಕ್ಕೆ ಒತ್ತಿದರೆ ಬಲಕ್ಕೆ ಓಡುತ್ತಿತ್ತು, ಬಲಕ್ಕೆ ಒತ್ತಿದರೆ ಎಡಕ್ಕೆ. ಫೋನಿನ ಪರದೆಯನ್ನೇ ಫೋಟೋ ಹೊಡೆದು ಮುದ್ರಿಸಿ ನೋಡಿದ್ದಳು. ಕಾಡಿಗೆ ಕದಡಿದ ಹಾಗೆ ಬಂದಿತ್ತು.

"ಮೂರು ನಾಕು ಅಕ್ಷರ ಹೋದ್ರ ಏನಾಕೈತಿ? ಓದ್ಕೋತಾರ ಬಿಡು. ಸೋಮವಾರ ಸಭಿ ಐತಿ," ಎಂದ ಮಾರೇಶ್.

ಹೊಗೆಯ ದೂರು ಕೇಳಲು ಅಧಿಕಾರಿಗಳು ಮತ್ತೆ ಬರಲಿದ್ದ ಸೋಮವಾರದ ಆ ಸಭೆಯೇ ಎಲ್ಲದಕ್ಕೂ ಕಾರಣ. ಊರಾಚೆಯ ಮಂಡಕ್ಕಿ ಭಟ್ಟಿಯಲ್ಲಿ ಸೌದೆಯ ಬದಲು ಹಳೆ ಟೈರು ಉರಿಸುತ್ತಾರೆ. ಕಪ್ಪು ಹೊಗೆ ಕುಡಿದು ಕುಡಿದು ಅಣ್ಣ ತಂಗಿಯರ ತಾಯಿ ಮಾರೆಮ್ಮ ಈಗ ಮಾತಿಗೊಮ್ಮೆ ಕೆಮ್ಮುತ್ತಾಳೆ. ಹೋದ ಸಲ ಅಧಿಕಾರಿಗಳು ಬಂದಾಗ ಮಾಲೀಕ ನಗುತ್ತಲೇ ಹೇಳಿದ್ದ: "ಕೆಮ್ಮೋದು ಆ ಕೇರಿಯವರು ಮಾತ್ರ ಸಾರ್. ಅವರ ಚಟ ಅವರಿಗೆ. ಉಳಿದವರನ್ನ ಕೇಳ್ರಿ." ಉಳಿದವರು ಅಂದರೆ ಅದೇ ಬೆಂಕಿಯ ಮುಂದೆ ಮರಳು ಜರಡಿ ಹಿಡಿಯುವ ಸಾಬರ ಓಣಿಯ ಹೆಂಗಸರು. ಅವರು ಬಂದಿರಲಿಲ್ಲ. ಕರೆದದ್ದು ಕನ್ನಡದ ಕರಪತ್ರ. ಓದಬಲ್ಲವರಿಲ್ಲದೆ ಅದು ಆ ಓಣಿಯ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡೇ ಒಣಗಿತ್ತು. ಅಧಿಕಾರಿ ತಲೆಯಾಡಿಸಿ ಜೀಪು ಹತ್ತಿದ. ಹೊಗೆಗೆ ಜಾತಿಯಿಲ್ಲ, ಕೆಮ್ಮಿಗೆ ಮಾತ್ರ ಜಾತಿ ಅಂಟಿಸಿ ಹೋದ.

ಈ ಸಲ ಅವರ ಅಕ್ಷರದಲ್ಲೇ ಕರೆಯೋಣ ಎಂದವಳು ರಮಾ. ಈಗ ಆ ಅಕ್ಷರವೇ ಕೈಕೊಟ್ಟು ಕೂತಿತ್ತು.

ಚೌಕ ಚೌಕದ ಪ್ರತಿಯನ್ನೇ ಒಂದು ಮುದ್ರಿಸಿಕೊಂಡು ಅವಳು ಹೊನ್ನೂರ್‌ಬಿಯ ಮನೆಗೆ ಹೋದಳು. ಮಾರೆಮ್ಮನ ಜೊತೆ ಭಟ್ಟಿಯ ಮುಂದೆ ಹರೆಯ ಕಳೆದವಳು ಹೊನ್ನೂರ್‌ಬಿ. ಅವಳ ಮಾತೆಂದರೆ ಓಣಿಯ ಮಾತು. ಹಾಳೆ ಕಂಡದ್ದೇ ಕೈ ತೊಳೆದು, ಸೆರಗು ತಲೆಗೆಳೆದು, ಹಾಳೆಯನ್ನು ಕಣ್ಣಿಗೊತ್ತಿಕೊಂಡು ಕೂತಳು.

"ದೇವರದ್ದಲ್ಲ ಚಿಗವ್ವ, ಭಟ್ಟಿದು," ಎಂದಳು ರಮಾ ಗಲಿಬಿಲಿಯಾಗಿ.

"ಅಕ್ಷರ ದೇವರದೇ ಐತಲ್ಲ ತಾಯಿ. ಇದನ್ನ ಸಣ್ಣಾಕಿದ್ದಾಗ ಕಲ್ತೀನಿ, ಕುರಾನ್ ಓದಾಕ."

ಬೆರಳಿಟ್ಟು ಒಂದೊಂದೇ ಸದ್ದು ಕೂಡಿಸಿದಳು. ಎರಡು ಸಾಲು ದಾಟುವಷ್ಟರಲ್ಲಿ ಮುಖ ಅರಳಿತು. "ಅರೆರೆ! ಇದು ನಾವು ಮನ್ಯಾಗ ಆಡೋ ಮಾತೇ ಐತಲ್ಲ!" ಪ್ರಾರ್ಥನೆಗೆಂದು ಕಲಿತ ಅಕ್ಷರದಲ್ಲಿ ತನ್ನ ಅಡುಗೆಮನೆಯ ಮಾತು ಕೂತಿರುವುದನ್ನು ಅವಳು ನೋಡಿದ್ದು ಅದೇ ಮೊದಲು. ಆಮೇಲೆ ಬೆರಳು ಚೌಕದ ಮೇಲೆ ನಿಂತಿತು.

"ಇಲ್ಲೇನೈತಿ?"

ರಮಾ ಕನ್ನಡದ ಪ್ರತಿ ಪಕ್ಕಕ್ಕಿಟ್ಟುಕೊಂಡು ಹೇಳಿದಳು. "ಭಟ್ಟಿ."

"ಇಲ್ಲಿ?"

"ಟೈರು."

"ಇದೂ?"

"ಫೇಫಡಾ ಅಂತಿರಲ್ಲ... ಎದಿಗೂಡಿನಾಗಿನ ಉಸಿರಿನ ಚೀಲ."

ಹೊನ್ನೂರ್‌ಬಿ ಹಾಳೆ ಮಡಚಿದಳು. "ಮಾಲೀಕನ ತಪ್ಪು ಎಲ್ಲೆಲ್ಲೈತೋ ಅಲ್ಲಲ್ಲೇ ಮುಚ್ಚೀರಿ. ನಿಮ್ಮಣ್ಣ ಅವನ ಕೂಡ ಮಾತಾಡಿ ಬಂದಾನೇನು?"

"ಇಲ್ಲವ್ವ! ಕಂಪ್ಯೂಟರಿನಾಗ ಆ ಅಕ್ಷರ ಇಲ್ಲ."

"ಕಂಪ್ಯೂಟರಿಗೆ ಗೊತ್ತಿರತೈತೇನು, ಭಟ್ಟಿ ಯಾವುದು ಟೈರ್ ಯಾವುದು ಅಂತ? ಹುಡುಕಿ ಹುಡುಕಿ ಹೆಂಗ ಮುಚ್ಚಿತು? ನಮ್ಮನ್ನ ಮುಂದ ನಿಲ್ಸಿ ನೀವು ಹಿಂದ ಸರ್ಕೊಳ್ಳೋರು. ನಾವು ಬರಂಗಿಲ್ಲ. ಹೋಗು."

ರಮಾ ದಾರಿಯುದ್ದಕ್ಕೂ ಅದನ್ನೇ ತಿರುವಿ ಹಾಕುತ್ತ ಬಂದಳು. ನಿಜವೇ, ಹೇಗೆ ಹುಡುಕಿತು? ಕೋಣೆಗೆ ಬಂದು ಚೌಕದೊಳಗಿನ ಅಂಕಿಯನ್ನು ಫೋನಿನಲ್ಲಿ ಹುಡುಕಿದಳು. 0679. ಅದು ಟ, ಭಟ್ಟಿಯದೂ ಟೈರಿನದೂ. ಇನ್ನೊಂದು, ನಾಲಿಗೆ ಮಡಚಿ ಝಾಡಿಸುವ ಡ. ಅರಬ್ಬಿಯಲ್ಲಿ ಆ ಸದ್ದುಗಳೇ ಇಲ್ಲ. ಈ ಯಂತ್ರದಲ್ಲಿದ್ದದ್ದು ಅರಬ್ಬಿಯ ಅಕ್ಷರಕ್ಕಷ್ಟೇ ಮಾಡಿದ ಫಾಂಟು. ಮಾಡಿದವನು ಇವರ ನೆಲದ ಸದ್ದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬೇಕೆಂದು ಮುಚ್ಚಿದ್ದಲ್ಲ, ನೆನಪೇ ಆಗದ್ದು. ಯಾವುದು ಹೆಚ್ಚು ಕೆಟ್ಟದ್ದು? ಕೇರಿಯಲ್ಲಿ ಹುಟ್ಟಿದ ಅವಳಿಗೂ ಗೊತ್ತಾಗಲಿಲ್ಲ.

ಮೇಷ್ಟ್ರಿಗೆ ಫೋನು ಮಾಡಿದಳು. "ಉರ್ದು ಅಂದರೆ ನಸ್ತಾಲಿಕ್ ಬರವಣಿಗೆ ಅಮ್ಮಾ, ಓರೆಯಾಗಿ ಇಳಿಯುವಂಥದ್ದು. ಆ ಫಾಂಟು ಹಾಕು," ಎಂದರು.

ಫಾಂಟು ಇಳಿಸಿಕೊಳ್ಳುವುದು ಸಲೀಸಾಯಿತು. ಎಲ್ಲಿ ಇಡುವುದು? ಫಾಂಟಿನದೇ ಒಂದು ಫೋಲ್ಡರು ಮಾಡು, ಹೆಸರಿನ ಮುಂದೆ ಚುಕ್ಕಿ ಇರಬೇಕು ಎಂದು ಬರೆದಿತ್ತು. ಮಾಡಹೋದರೆ, ಆ ಹೆಸರಿನದು ಈಗಾಗಲೇ ಇದೆ ಎಂದಿತು ಯಂತ್ರ. ಹುಡುಕಿದರೆ ಇಲ್ಲ.

"ಐತಂತೈತಿ, ಕಾಣವಲ್ದು! ಇದೇನ್ ಭೂತಚೇಷ್ಟಿ?"

"ಚುಕ್ಕಿ ಇದ್ದದ್ದನ್ನ ಮುಚ್ಚಿ ಇಟ್ಟಿರತೈತಂತಲೇ," ಎಂದ ಮಾರೇಶ್, ಲಿನಕ್ಸ್ ಹಾಕಿದ್ದ ಗೆಳೆಯನಿಗೆ ಫೋನು ಹಚ್ಚಿ. "ಕಂಟ್ರೋಲ್ ಒತ್ತಿ ಎಚ್ ಒತ್ತು."

ಒತ್ತಿದಳು. ಖಾಲಿ ಎಂದುಕೊಂಡಿದ್ದ ಪರದೆಯ ಮೇಲೆ ಫೋಲ್ಡರುಗಳ ಜಾತ್ರೆಯೇ ಎದ್ದು ನಿಂತಿತು. ಇಷ್ಟು ದಿನ ಎಲ್ಲವೂ ಇಲ್ಲೇ ಇದ್ದವು! ಫಾಂಟು ಹಾಕಿ, ಕಪ್ಪು ಪರದೆಯಲ್ಲಿ ಗೆಳೆಯ ಹೇಳಿದ ಆಜ್ಞೆ ಬರೆದಳು. ಬರಹ ಓರೆಯಾಗಿ ಜಾರಿ, ಫೋನಿನಲ್ಲಿದ್ದಂತೆಯೇ ಬಂತು. ಒಂದೂ ಚೌಕವಿಲ್ಲ.

ಹೊನ್ನೂರ್‌ಬಿ ರಮಾ ಒಯ್ದ ಹೊಸ ಹಾಳೆಯನ್ನು ಬಾಗಿಲಲ್ಲೇ ನಿಂತು ನೋಡಿದಳು. ತಿರುಗಿಸಿ ನೋಡಿದಳು. "ಇದು ನನಗ ಬರಂಗಿಲ್ಲ."

"ಅದೇ ಮಾತು ಚಿಗವ್ವ! ಈ ಸಲ ಒಂದೂ ಮುಚ್ಚಿಲ್ಲ."

"ಇದು ಸಾಲಿಗೆ ಹೋದೋರ ಬರಹ. ಹಿಂಗ ಜಾರಿದ್ದು ನಾವು ಕಲ್ತಿಲ್ಲ. ನಮ್ಮ ಓಣ್ಯಾಗ ಯಾವಾಕೀನೂ ಕಲ್ತಿಲ್ಲ."

ರಮಾ ಕಟ್ಟೆಯ ಮೇಲೆ ಕೂತಳು. ತಪ್ಪಾದದ್ದನ್ನು ಓದಿದಳು, ಸರಿಯಾದದ್ದು ಬರುವುದಿಲ್ಲ ಎನ್ನುತ್ತಾಳೆ. ಸರಿ ಎನ್ನುವುದು ಯಾರ ಸರಿ? ಮೇಷ್ಟ್ರಿಗೆ ಮತ್ತೆ ಕೇಳಿದರೆ ಅವರು ಸಿಟ್ಟಾದರು. ನೆಟ್ಟಗೆ ನಿಂತ ಅಕ್ಷರದಲ್ಲಿ ಉರ್ದು ಅಚ್ಚು ಹಾಕಿದರೆ ಅದರ ಅಂದಗೆಡುತ್ತದೆ ಎಂದರು. ಅಂದ ಯಾರಿಗೆ ಬೇಕಿತ್ತು? ಮನೆಯಲ್ಲಿ ಅವ್ವ ಗೋಡೆ ಹಿಡಿದು ಕೆಮ್ಮುತ್ತಿದ್ದಳು.

ಮರುದಿನ ಅವಳು ಇನ್ನೊಂದು ಫಾಂಟು ಹಾಕಿದಳು. ಕುರಾನಿನ ಹಾಗೆ ನೆಟ್ಟಗಿನ ಅಕ್ಷರ, ಆದರೆ ಉರ್ದುವಿನದೆಲ್ಲ ತುಂಬಿದ್ದು. ಈಗ ಜಾಗ ಗೊತ್ತಿತ್ತು.

ಹೊನ್ನೂರ್‌ಬಿ ಬೇಡದ ಮನಸ್ಸಿನಿಂದಲೇ ಬೆರಳಿಟ್ಟಳು. ಸರಸರ ಓದುತ್ತ ಬಂದು ಅದೇ ಜಾಗದಲ್ಲಿ ನಿಂತಳು.

"ಇದೇನು? ತ ಇದ್ದಂಗೈತಿ, ತಲಿ ಮ್ಯಾಲೆ ಸಣ್ಣ ಬುಟ್ಟಿ ಹೊತ್ಕೊಂಡೈತಿ. ಇದು ಕುರಾನಿನಾಗ ಇಲ್ಲ."

"ಅದು ಟ, ಚಿಗವ್ವ!" ರಮಾ ಬಹುತೇಕ ಕೂಗಿಯೇಬಿಟ್ಟಳು. ಆ ಹಾಳೆಯಲ್ಲಿ ಅವಳಿಗೆ ಬರುತ್ತಿದ್ದದ್ದು ಚೌಕದೊಳಗಿಂದ ಕಲಿತ ಅಷ್ಟೇ ಅಕ್ಷರ. "ಬುಟ್ಟಿ ಹೊತ್ತದ್ದು ಟ. ಇದು ರ ಮ್ಯಾಲೆ ಹೊತ್ತದ್ದು, ಫೇಫಡಾದ ಡ."

ಹೊನ್ನೂರ್‌ಬಿ ಮತ್ತೆ ಕೂಡಿಸಿದಳು. "ಭ... ಟ್... ಟಿ." ಇನ್ನೊಮ್ಮೆ. ಆಮೇಲೆ ರಮಾಳ ಮುಖವನ್ನೇ ನೋಡಿದಳು. "ಖರೇನ ಮುಚ್ಚಿರಲಿಲ್ಲ ನೀವು."

"ಇಲ್ಲವ್ವ."

"ಹಂಗಾರ ನಡಿ. ಬುಟ್ಟಿ ಬಂದಲ್ಲಿ ನೀ ಹೇಳು. ಉಳಿದದ್ದು ನಾ ಓದ್ತೀನಿ."

ಸಂಜೆಯ ಬೆಳಕಲ್ಲಿ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಹೊನ್ನೂರ್‌ಬಿ ಓದುತ್ತ ಹೋಗಿ ತಡೆದು ನಿಲ್ಲುವಳು. ಉಳಿದ ಅಕ್ಷರ ಒಂದೂ ಬಾರದ ರಮಾ "ಟ!" ಎನ್ನುವಳು. ಹುಡುಗಿಯರು ಕಿಸಕ್ಕೆಂದರು.

"ಇಕಿ ಮಾರೆಮ್ಮನ ಮಗಳಲ್ಲ? ನಮ್ಮ ಅಕ್ಷರ ಇಕಿಗೆ ಹೆಂಗ ಬಂತು?"

"ಇಕಿಗೆ ನಮಗ ಬರದಿದ್ದಷ್ಟೇ ಬರತಾವ," ಎಂದಳು ಹೊನ್ನೂರ್‌ಬಿ. "ಸುಮ್ನ ಕೇಳ್ರೇ."

ಕೊನೆಯ ಮನೆಯ ಹೊಸ್ತಿಲಲ್ಲಿ ಕೂತಿದ್ದ ಹೆಂಗಸು ಪೂರ್ತಿ ಕೇಳಿದಳು. ಏನೋ ಹೇಳಲು ಬಾಯಿ ತೆರೆದು ಕೆಮ್ಮಿದಳು. ರಮಾಳಿಗೆ ಆ ಕೆಮ್ಮು ತನ್ನ ಮನೆಯದೇ ಅನ್ನಿಸಿತು.

"ಸೋಮವಾರ ಎಷ್ಟೊತ್ತಿಗಂತ ಐತಿ ಅದರಾಗ?" ಎಂದಳು ಆಕೆ, ಸೆರಗಿನಿಂದ ಬಾಯಿ ಒರೆಸಿಕೊಂಡು.

ರಮಾ ಗಡಿಬಿಡಿಯಲ್ಲಿ ಹಾಳೆ ನೋಡಿದಳು. ಹೊತ್ತು ಎಲ್ಲಿ ಬರೆದಿದೆಯೋ ಅವಳಿಗೆ ತಿಳಿಯಲಿಲ್ಲ.

"ಹನ್ನೊಂದಕ್ಕ," ಎಂದಳು ಹೊನ್ನೂರ್‌ಬಿ, ಬೆರಳಿಟ್ಟು ತೋರಿಸುತ್ತ. "ಎಲ್ಲಾರೂ ಕೂಡೇ ಹೋಗೂನು."