ಲೋಳೆಯವ್ವನ ದನಿ

ಚಂದ್ರಣ್ಣ ನನ್ನ ಚಿಕ್ಕಪ್ಪನ ಮಗ. ಹೊಸದುರ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹಳೆಯ ಇಂಗ್ಲಿಷ್ ಧಾರಾವಾಹಿಗಳ ತುಣುಕಿಗೆ ನಮ್ಮ ಕಡೆಯ ಮಾತು ಸೇರಿಸಿ ಯೂಟ್ಯೂಬಿಗೆ ಹಾಕುವುದು ಅವನ ಹುಚ್ಚು. ಒಂದು ಭಾನುವಾರ ಮಾಡದಕೆರೆಯ ನಮ್ಮ ಮನೆಗೆ ಬಂದು ಫೋನು ತೋರಿಸಿದ.

ಕಪ್ಪು ಬಿಳುಪಿನ ಧಾರಾವಾಹಿ. ಆಕಾಶನೌಕೆಯೊಂದು ಕಂತಿಗೊಂದು ಗ್ರಹದಲ್ಲಿ ಇಳಿಯುತ್ತದೆ. ಈ ಕಂತಿನಲ್ಲಿ ನೌಕೆಯವರ ಊಟ ಮುಗಿದು, ಹಸಿದು ಗುಹೆಯಲ್ಲಿ ಕೂತಿದ್ದಾರೆ. ಎಮ್ಮೆಕರುವಿನಷ್ಟು ದೊಡ್ಡ ಪ್ರಾಣಿಯೊಂದು ತೆವಳುತ್ತಾ ಬರುತ್ತದೆ. ಬಾಯಿಂದ ಲೋಳೆ ಇಳಿಯುತ್ತಿದೆ. ಕ್ಯಾಪ್ಟನ್ ಹೇಸಿಕೊಂಡು ಅದನ್ನು ಸುಟ್ಟುಬಿಡುತ್ತಾನೆ. ಆಮೇಲೆ ಅವರ ಡಾಕ್ಟರಿಗೆ ತಿಳಿಯುತ್ತದೆ, ಆ ಲೋಳೆ ಅದು ತನ್ನ ಮರಿಗಳಿಗೆ ಉಣಿಸುವ ಆಹಾರ. ಇವರಿಗೂ ಉಣಿಸಲು ಬಂದಿತ್ತು. ಇಷ್ಟನ್ನೂ ಚಂದ್ರಣ್ಣನೇ ಬಿಡಿಸಿ ಹೇಳಿದ.

"ಆ ಕೊನೇದು ಕಟ್ ಮಾಡ್ತೀನಿ. ಅಳೋದ್ನ ಯಾರ್ ನೋಡ್ತಾರೆ? ಲೋಳೆಯವ್ವ ಬರ್ಬೇಕು, ಮಾತಾಡ್ಬೇಕು, ಢಂ! ಅಷ್ಟೇ."

"ಅದಕ್ಕೆ ಮಾತೇ ಇಲ್ವಲ್ಲಣ್ಣ."

"ನೀನ್ ಕೊಡು. ಅವತ್ತು ನಿಮ್ಮಮ್ಮನ ಮುಂದೆ ಮುದ್ದಕ್ಕನಂಗೆ ಮಾತಾಡಿ ನಗಿಸ್ತಿದ್ಯಲ್ಲ, ಅದೇ ದನಿ."

ನಾನು ಕೂಲಿಗೆ ಹೋಗುವ ಹುಣಸೆಹಣ್ಣಿನ ಶೆಡ್ಡಿನಲ್ಲಿ ಮುದ್ದಕ್ಕ ನನ್ನ ಪಕ್ಕದಲ್ಲೇ ಕೂರುತ್ತಾಳೆ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವಳ ಬಾಯಿ ಒಂದು ಕಡೆಗೆ ಎಳೆದಿದೆ. ಮಾತು ಒದ್ದೆಯಾಗಿ ಬರುತ್ತದೆ. ನಡುನಡುವೆ ಜೊಲ್ಲು ಒಳಕ್ಕೆಳೆದುಕೊಳ್ಳುತ್ತಾಳೆ. ನಾನು ಶಾಲೆ ಬಿಟ್ಟು ಶೆಡ್ಡಿಗೆ ಸೇರಿದ ದಿನ, ಹಣ್ಣು ಕುಟ್ಟಿ ಬೀಜ ಬಿಡಿಸುವುದನ್ನು ಕೈ ಹಿಡಿದು ಕಲಿಸಿದವಳು ಅವಳು.

ಅದೆಲ್ಲ ನೆನಪಾಗಲಿಲ್ಲವೆಂದಲ್ಲ. ಆದರೂ ಫೋನು ಬಾಯಿಯ ಹತ್ತಿರ ಹಿಡಿದು ಮುದ್ದಕ್ಕನ ದನಿಯಲ್ಲಿ ಅಂದೆ: "ಬರ್ರಪ್ಪ, ಕುಂತ್ಕಳ್ರಿ, ಉಂಡ್ಕಂಡ್ ಹೋಗ್ರಿ." ಜೊಲ್ಲೆಳೆಯುವ ಸದ್ದನ್ನೂ ಸೇರಿಸಿದೆ. ಚಂದ್ರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಇನ್ನೊಂದ್ಸಲ, ಇನ್ನೊಂದ್ಸಲ" ಅಂದ. ಹುಟ್ಟಿದಾಗಿನಿಂದ ಯಾರೂ ನನ್ನ ಮಾತಿಗೆ ಹಾಗೆ ಅಂದಿರಲಿಲ್ಲ. ನಾಲ್ಕು ಸಲ ಹೇಳಿದೆ.

ಮಾರನೆಯ ಸಂಜೆ ಅಮ್ಮನ ಫೋನಿನಲ್ಲಿ ವಿಡಿಯೋ ನೋಡಿದೆ. ಜೊಲ್ಲಿನ ಸದ್ದು ಕಿವಿಗೆ ಬಿದ್ದ ಕೂಡಲೇ ನನ್ನ ಬಾಯಿಯಲ್ಲಿ ಯಾರದೋ ಎಂಜಲು ತುಂಬಿಕೊಂಡಂತಾಯಿತು. ಎದ್ದುಹೋಗಿ ಬಾಯಿ ಮುಕ್ಕಳಿಸಿದೆ. ವಿಡಿಯೋದ ಕೆಳಗೆ ವಾಂತಿ ಮಾಡುವ ಹಸಿರು ಮುಖಗಳು ಸಾಲುಸಾಲಾಗಿದ್ದವು. "ಥೂ, ಉಣ್ಣೋಕಾಗ್ತಿಲ್ಲ" ಅಂತ ಒಬ್ಬ. "ಇದು ಮಾಡದಕೆರೆ ಶೆಡ್ಡಿನ ಮುದ್ದಕ್ಕನ ದನಿ ಕಣ್ರೋ" ಅಂತ ಇನ್ನೊಬ್ಬ. ಅದರ ಕೆಳಗೆ ಮತ್ತೊಬ್ಬ: "ಅವಳ ಜೊಲ್ಲು ಬಿದ್ದ ಹುಣಸೆಹಣ್ಣು ನಾವು ತಿಂತಿದೀವಾ!"

ನಾನೂ ಮುದ್ದಕ್ಕನ ಪಕ್ಕ ಕೂತು ಒಂದೊಂದು ಸಲ ಅದನ್ನೇ ಯೋಚಿಸಿದ್ದೆ.

ಚಂದ್ರಣ್ಣನಿಗೆ ಫೋನು ಮಾಡಿದೆ. "ತೆಗ್ದಾಕಣ್ಣ. ಮುದ್ದಕ್ಕನ ಕಿವಿಗೆ ಬಿದ್ರೆ?"

"ಹುಚ್ಚಿ, ನಲ್ವತ್ ಸಾವ್ರ ಜನ ನೋಡೌರೆ! ಆ ಮುದುಕಿ ಹತ್ರ ಫೋನೇ ಇಲ್ಲ, ಸುಮ್ನಿರು."

ಅವನು ನಗುತ್ತಲೇ ಫೋನು ಇಟ್ಟುಬಿಟ್ಟ.

ಬುಧವಾರ ಶೆಡ್ಡಿನಲ್ಲಿ ನಮ್ಮ ಜೊತೆ ಹಣ್ಣು ಕುಟ್ಟುವ ಯಶೋಧಾ ತನ್ನ ಫೋನಿನಲ್ಲಿ ಆ ವಿಡಿಯೋ ಹಾಕಿದಳು. ಜೊತೆಯವರು ಮುಸಿಮುಸಿ ನಗತೊಡಗಿದರು. ದನಿ ನನ್ನದೆಂದು ಅವರಿಗೆ ಗೊತ್ತಿರಲಿಲ್ಲ.

"ಏನ್ರೇ ಅದು? ನಂಗೂ ತೋರ್ಸ್ರೇ" ಎಂದಳು ಮುದ್ದಕ್ಕ.

ಯಶೋಧಾ ಕಣ್ಣು ಮಿಟುಕಿಸಿ ಫೋನು ಕೊಟ್ಟಳು. ಮುದ್ದಕ್ಕ ಕೊನೆಯವರೆಗೂ ನೋಡಿದಳು.

"ಪಾಪ, ಇದಕ್ಕೂ ನನ್ನಂಗೆ ಲಕ್ವ ಹೊಡ್ದೈತೆ ಕಣ್ರೇ" ಅಂದು ನಕ್ಕಳು. "ಊಟಕ್ ಕರೀತಿತ್ತಲ್ಲ, ಯಾಕ್ ಸುಟ್ರು?"

ಅವಳು ಫೋನನ್ನು ನನ್ನ ಕಡೆ ಚಾಚಿದಳು. "ಅನುಸೂಯ, ನೀನ್ ಎಂಟ್ನೇ ಕ್ಲಾಸ್ ಓದಿದೋಳು. ಜನ ಏನ್ ಬರ್ದೌರೆ ಓದವ್ವ. ಈ ಹಸ್ರು ಮಕ ಯಾಕವೆ?"

"ಶ್ಯಾನೆ ಚೆಂದಾಗೈತೆ ಅಂತ ಕಣಕ್ಕ" ಅಂದಳು ಯಶೋಧಾ, ನಗು ತಡೆಯುತ್ತಾ.

"ಹೌದೇನವ್ವ?" ಮುದ್ದಕ್ಕ ಕೇಳಿದ್ದು ನನ್ನನ್ನು.

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎಲ್ಲರೂ ಅದನ್ನೇ ಕಾಯುತ್ತಿದ್ದರು. ಆಮೇಲೆ ಮನೆಗೆ ಹೋಗುವ ದಾರಿಯಲ್ಲಿ ಅದನ್ನೂ ಹೇಳಿಕೊಂಡು ನಗುತ್ತಿದ್ದರು.

"ಅಲ್ಲ. ಅವು ವಾಂತಿ ಮಾಡೋ ಮಕ" ಅಂದೆ. "ಆ ದನಿ ನಂದು ಮುದ್ದಕ್ಕ. ನಿನ್ನಂಗೆ ಮಾತಾಡ್ದೆ."

ಮುದ್ದಕ್ಕ ನನ್ನ ಮುಖವನ್ನೇ ನೋಡಿದಳು.

"ಎಲ್ಲಿ, ಮಾತಾಡು. ಕೇಳಾಣ."

ಆಗಲ್ಲವೆಂದು ತಲೆ ಅಲ್ಲಾಡಿಸಿದೆ.

"ಊರಿಗೆಲ್ಲ ಕೇಳ್ಸಿದೀಯ. ನಂಗೊಬ್ಳಿಗೆ ಆಗಲ್ವಾ?"

ಅವಳು ಫೋನನ್ನು ಯಶೋಧಾಳ ಮಡಿಲಿಗೆ ಹಾಕಿ, ತನ್ನ ಮಣೆ, ಸುತ್ತಿಗೆ, ಹಣ್ಣಿನ ಪುಟ್ಟಿ ಎತ್ತಿಕೊಂಡು ಶೆಡ್ಡಿನ ಆ ಕೊನೆಗೆ ಹೋದಳು. ನಾನು ಹಿಂದೆಯೇ ಹೋಗಿ "ತಪ್ಪಾಯ್ತು" ಅಂದೆ. ಕೇಳಿಸಿಕೊಂಡಳೋ ಇಲ್ಲವೋ, ಹಣ್ಣು ಕುಟ್ಟುತ್ತಲೇ ಇದ್ದಳು.

ಲಕ್ವ ಹೊಡೆದ ಮೇಲೂ ಅವಳು ನಾಚಿಕೆಪಡದೆ ನಮ್ಮೆಲ್ಲರ ನಡುವೆ ಕೂತು ಉಣ್ಣುತ್ತಿದ್ದಳು. ಅವತ್ತು ಮಧ್ಯಾಹ್ನ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಬುತ್ತಿ ಬಿಚ್ಚಿದಳು.