ಮೂರು ಪಾಳಿಯ ಊಟ

ದ್ಯಾವಮ್ಮನ ಬಾಯಿಗೆ ದೊಡ್ಡಬಳ್ಳಾಪುರದ ಮಗ್ಗದ ಮಾಲೀಕರೇ ಹೆದರುತ್ತಿದ್ದರು. ಆಸ್ಪತ್ರೆಯವರು ಯಾವ ಲೆಕ್ಕ? ಎರಡು ವರ್ಷದ ಮೊಮ್ಮಗಳು ಮುತ್ಯಾಲುವಿಗೆ ನ್ಯುಮೋನಿಯಾ ಜೋರಾಗಿ, ಆಕ್ಸಿಜನ್ ಹಾಕಿ ಮಲಗಿಸಿದ್ದರು. ನುಂಗಲು ಹೋದರೆ ಉಸಿರು ಕಟ್ಟುತ್ತಿತ್ತು. ಅದಕ್ಕೇ ಮೂಗಿನಿಂದ ಹೊಟ್ಟೆಗೆ ಸಣ್ಣ ಟ್ಯೂಬು ಇಳಿಸಿ, ಹಾಲಿಗೆ ಸಕ್ಕರೆ, ಎಣ್ಣೆ ಬೆರೆಸಿ ಕೊಡಿಸುತ್ತಿದ್ದರು. ಸಿಸ್ಟರ್ ವಹೀದಾ ಕಲೆಸಿ ತಂದಿಟ್ಟು ಹೋದರೆ, ಸಿರಿಂಜಿನಲ್ಲಿ ನಿಧಾನವಾಗಿ ಬಿಡುವ ಕೆಲಸ ಅಜ್ಜಿಯದು.

ಕಫದ ಮಗುವಿಗೆ ಹಾಲಂತೆ, ಎಣ್ಣೆಯಂತೆ. ದ್ಯಾವಮ್ಮನಿಗೆ ಮೈ ಉರಿಯಿತು. ಅವಳ ಮನೆಯಲ್ಲಿ ಕೆಮ್ಮು ಬಂದವರಿಗೆ ಪಥ್ಯವೆಂದರೆ ಪಥ್ಯ. ಸಿಸ್ಟರ್ ಅತ್ತ ಹೋದ ಕೂಡಲೇ ಹಾಲನ್ನು ಬಚ್ಚಲಿಗೆ ಸುರಿದು, ಮನೆಯಿಂದ ತರಿಸಿದ್ದ ಗಂಜಿ ತಿಳಿ ಬಿಟ್ಟಳು. ದಿನವೂ ಅದೇ ನಡೆಯಿತು.

ಮಗು ಸೊರಗುತ್ತಾ ಹೋಯಿತು. ಡಾಕ್ಟರು ಔಷಧಿ ಬದಲಿಸಿ ನೋಡಿದರು. ಹೀಗೇ ಆದರೆ ಉಳಿಯುವುದು ಕಷ್ಟ ಎಂದು ಮಗ ಲಕ್ಷ್ಮಯ್ಯನನ್ನು ಪಕ್ಕಕ್ಕೆ ಕರೆದು ಹೇಳಿದ್ದು ದ್ಯಾವಮ್ಮನ ಕಿವಿಗೂ ಬಿತ್ತು.

ಆ ಸಂಜೆ ವಹೀದಾ ತೊಳೆಯಲು ಎತ್ತಿಕೊಂಡ ಸಿರಿಂಜಿನಲ್ಲಿ ಜಿಡ್ಡೇ ಇರಲಿಲ್ಲ, ತಳದಲ್ಲಿ ಗಂಜಿ ಅಂಟಿತ್ತು. ದ್ಯಾವಮ್ಮ ಜಗಳಕ್ಕೆಂದು ಸೆರಗು ಸಿಕ್ಕಿಸಿಕೊಂಡಳು. ವಹೀದಾ ಜಗಳಕ್ಕೆ ಬರಲಿಲ್ಲ. ಅವಳ ತಂದೆಯೂ ಮಗ್ಗದವರೇ. ಅಜ್ಜಿಯ ಕೈ ಹಿಡಿದು ಮಗುವಿನ ಪಕ್ಕೆಯ ಮೇಲಿಟ್ಟಳು. ಪಕ್ಕೆ ಒಳಕ್ಕೆ ಸೆಳೆದು, ಉಬ್ಬಿ, ಬಿಡುವಿಲ್ಲದೆ ಬಡಿಯುತ್ತಿತ್ತು.

“ಅಜ್ಜಿ, ಎರಡು ಪಾಳಿ ಮಗ್ಗ ಓಡಿಸೋನಿಗೆ ಗಂಜಿ ತಿಳಿ ಕೊಡ್ತೀರಾ?”

“ಕೊಟ್ಟೋರ ಮುಖಕ್ಕೆ ಉಗೀತೀನಿ.”

“ಇವಳು ಮೂರು ಪಾಳೀನೂ ಒಬ್ಬಳೇ ಓಡಿಸ್ತಾ ಇದಾಳೆ. ಇದ್ದಬದ್ದ ಶಕ್ತಿಯೆಲ್ಲಾ ಉಸಿರು ಎಳೆಯೋದಕ್ಕೇ ಹೋಗ್ತಾ ಇದೆ.”

ದ್ಯಾವಮ್ಮ ಬಹಳ ಹೊತ್ತು ಕೈ ತೆಗೆಯಲಿಲ್ಲ.

“ಹಾಲು ತಗೊಂಬಾರಮ್ಮ,” ಎಂದಳು ಕಡೆಗೆ. “ನೀನೇ ನಿಂತು ನೋಡು. ಒಂದು ತೊಟ್ಟು ಆಚೆ ಹೋದ್ರೆ ನನ್ನ ಕೇಳು.”

ವಹೀದಾಳಿಂದ ವಿಷಯ ತಿಳಿದ ಡಾಕ್ಟರು ಚೆನ್ನಾಗಿಯೇ ಬೈದರು. ಅವ್ವ ತಿರುಗಿ ಬೈಯದೆ ನಿಂತದ್ದನ್ನು ಲಕ್ಷ್ಮಯ್ಯ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಹಾಲು ಹೊಟ್ಟೆಗೆ ಬೀಳತೊಡಗಿದ ಮೇಲೆ ಔಷಧಿಯೂ ನಾಟಿತು. ವಾರ ಕಳೆಯುವಷ್ಟರಲ್ಲಿ ಪಕ್ಕೆಯ ಬಡಿತ ಇಳಿಮುಖವಾಯಿತು. ನೋಡಲು ಬಂದ ಪಕ್ಕದ ಮನೆಯ ಮುತ್ತಮ್ಮ, ಕಫಕ್ಕೆ ಹಾಲು ಕೊಡುತ್ತಾರೆಯೇ ಎಂದು ಮೂಗು ಮುರಿದಳು.

“ದುಡಿಯೋಳ ಊಟಕ್ಕೆ ಕಲ್ಲು ಹಾಕ್ಬೇಡ. ನಡಿಯೇ ಆಚೆ,” ಎಂದು ದ್ಯಾವಮ್ಮ ಎದ್ದೇಬಿಟ್ಟಳು.

ಆ ಗದ್ದಲಕ್ಕೆ ಮುತ್ಯಾಲು ಎಚ್ಚೆತ್ತು ಗಟ್ಟಿಯಾಗಿ ಅತ್ತಳು. ಆಸ್ಪತ್ರೆಗೆ ಬಂದಾಗಿನಿಂದ ಅವಳಿಗೆ ಅಳುವಷ್ಟು ಉಸಿರೇ ಇರಲಿಲ್ಲ. ಏನಾಯಿತೋ ಎಂದು ವಹೀದಾ ಓಡಿ ಬಂದಳು.

“ಹಸಿವು ಕಣಮ್ಮ,” ಎಂದಳು ದ್ಯಾವಮ್ಮ, ಕಣ್ಣು ಒರೆಸಿಕೊಳ್ಳುತ್ತಾ. “ನಿಂತು ನೋಡ್ತೀಯಲ್ಲ, ಬೇಗ ಕಲೆಸು.”